ಕಾಲು ಚಾಚುವ ಹಕ್ಕು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಮ್ಮ ಹಿರಿಯರು ಹೇಳಿದರು. ಹಾಸಿಗೆ ಯಾರದ್ದು ಎಂದು ಕೇಳಬೇಕೋ ಬೇಡವೋ ಎಂಬುದನ್ನು ಮಾತ್ರ ಹೇಳಲಿಲ್ಲ. ಅರುವತ್ತು ದಾಟಿದ ಮೇಲೆ, ಒಂದು ಪ್ರವಾಸದ ಯೋಜನೆ ಹಾಕಲು ಕುಳಿತಾಗ ನನಗೆ ಆ ಪ್ರಶ್ನೆ ಎದುರಾಯಿತು.

ನನ್ನ ಹೆಂಡತಿ 36 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಅಷ್ಟೂ ವರ್ಷ ನಾವು ಊರು ಬಿಟ್ಟು ಹೋದದ್ದು ಮದುವೆಗೆ, ಬೊಜ್ಜಕ್ಕೆ, ತಪ್ಪಿದರೆ ತಿರುಪತಿಗೆ. "ಕ್ಯೂ ನಿಲ್ಲಲಿಕ್ಕೆ ಇಲ್ಲದ ಒಂದು ಊರಿಗೆ ಹೋಗುವ. ಬೆಳಗ್ಗಿನ ಕಾಫಿ ಬೇರೆ ಯಾರಾದರೂ ಮಾಡಬೇಕು. ನಾನು ಸಮುದ್ರ ನೋಡಿಕೊಂಡು ಸುಮ್ಮನೆ ಕೂತುಕೊಳ್ಳಬೇಕು," ಎಂದಳು. ಬೆಂಗಳೂರಿನ ಮಗ ಖರ್ಚು ತನ್ನದೆಂದು ಹೇಳಿ, ಮಾರಿಷಸ್‌ಗೆ 8 ದಿನಗಳ ಪಟ್ಟಿ ಕಳಿಸಿದ. ಅದರಲ್ಲಿ 14 ಜಾಗಗಳಿದ್ದವು. ಅವಳು ಕೆಂಪು ಪೆನ್ನು ಹಿಡಿದು, ಮಕ್ಕಳ ಉತ್ತರಪತ್ರಿಕೆ ತಿದ್ದುವಂತೆ, 10ನ್ನು ಹೊಡೆದು ಹಾಕಿದಳು.

ನಾನು ಸುಮ್ಮನಿರಬಹುದಿತ್ತು. ಆದರೆ ಹೋಗುವ ಊರಿನ ಬಗ್ಗೆ ಓದುವ ಕೆಟ್ಟ ಚಾಳಿ ನನಗೆ. ಪ್ರವಾಸದ ಕಾಗದಪತ್ರಗಳೆಲ್ಲ ಆ ದ್ವೀಪವನ್ನು ಸಂಸ್ಕೃತಿಗಳ ಸಂಗಮವೆಂದು ಹೊಗಳುತ್ತಿದ್ದವು. ಸುಳ್ಳಲ್ಲ. ಅಲ್ಲಿ ಯುಗಾದಿಗೂ ರಜೆ, ಈದ್‌ಗೂ ರಜೆ, ಚೀನೀಯರ ಹೊಸ ವರ್ಷಕ್ಕೂ ರಜೆ. ಬೀದಿಯಲ್ಲಿ ಮಾರುವ ಧಾಲ್ ಪುರಿಯೊಳಗೆ ಇರುವುದು ಬೇಳೆ. ಬೆಲ್ಲ ಹಾಕಲು ಮರೆತ ಹೋಳಿಗೆ ಎನ್ನಬಹುದು. ಎಲ್ಲರ ನಾಲಗೆಯ ಮೇಲೂ ಫ್ರೆಂಚಿನಿಂದ ಹುಟ್ಟಿದ ಕ್ರಿಯೋಲ್ ಭಾಷೆ.

ಆದರೆ ಈ ಸಂಗಮ ಆದದ್ದು ಹೇಗೆ? ಆ ದ್ವೀಪದಲ್ಲಿ ಮೂಲನಿವಾಸಿಗಳೇ ಇರಲಿಲ್ಲ. ಡಚ್ಚರು ಬಂದು ಹೋದರು. 1715ರಲ್ಲಿ ಫ್ರೆಂಚರು, 1810ರಲ್ಲಿ ಬ್ರಿಟಿಷರು ಹಿಡಿದರು. ಆಫ್ರಿಕದಿಂದ, ಮಡಗಾಸ್ಕರ್‌ನಿಂದ ಗುಲಾಮರನ್ನು ತಂದರು. 1835ರಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ಗದ್ದೆಗಳಿಗೆ ಆಳು ಬೇಕಲ್ಲ? 1834ರಿಂದ 1920ರ ನಡುವೆ ಸುಮಾರು ಐದು ಲಕ್ಷ ಕರಾರು ಕೂಲಿಗಳು, ಹೆಚ್ಚಿನವರು ನಮ್ಮ ದೇಶದವರೇ, ಪೋರ್ಟ್ ಲೂಯಿಯಲ್ಲಿ ಇಳಿದರು. ಅವರನ್ನು ಇರಿಸಿಕೊಂಡು, ಹೆಸರು ಬರೆದುಕೊಂಡು, ತೋಟಗಳಿಗೆ ಹಂಚುತ್ತಿದ್ದ ಜಾಗ ಇಂದು ಆಪ್ರವಾಸಿ ಘಾಟ್. ಅವರು ಹತ್ತಿ ಬಂದ 16 ಕಲ್ಲಿನ ಮೆಟ್ಟಿಲುಗಳು ಈಗಲೂ ಇವೆ. ಕಡೆಯುವ ಕಲ್ಲಿಗೆ ಬಿದ್ದ ಅಕ್ಕಿ, ಉದ್ದು ತಾವಾಗಿ ಬೆರೆತವಲ್ಲ. ದೋಸೆ ತಿನ್ನುವವನಿಗೆ ಆ ನೆನಪು ಬರುವುದಿಲ್ಲ, ಅಷ್ಟೆ.

ಮಗ ಹೇಳಿದ ಹೋಟೆಲ್ ಲೆ ಮೋರ್ನ್ ಬೆಟ್ಟದ ಬುಡದಲ್ಲಿತ್ತು. ತಪ್ಪಿಸಿಕೊಂಡ ಗುಲಾಮರು ಅಡಗುತ್ತಿದ್ದ ಬೆಟ್ಟ ಅದು. ಬಿಡುಗಡೆಯ ಸುದ್ದಿ ತಂದ ಸಿಪಾಯಿಗಳನ್ನು ಕಂಡು, ಹಿಡಿಯಲು ಬಂದರೆಂದು ಹೆದರಿ, ಅವರು ಮೇಲಿನಿಂದ ಹಾರಿ ಸತ್ತರೆಂದು ಅಲ್ಲಿಯ ಜನ ಹೇಳಿಕೊಂಡು ಬಂದ ಕಥೆಯಿದೆ. ಅದರ ಕೆಳಗೆ ಕುರ್ಚಿ ಹಾಕಿ ಎಳನೀರು ಕುಡಿಯುವುದು ಸರಿಯೇ? ನಾನು ಈ ಪ್ರಶ್ನೆಯನ್ನು ಊಟದ ಹೊತ್ತಿಗೆ ಎತ್ತಿದೆ.

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. "ನಮ್ಮ ಅಜ್ಜ ಘಟ್ಟ ಹತ್ತಿದ್ದು ನಿಮಗೆ ನೆನಪುಂಟಾ? ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೋದವರು. ಸಾಲ ತೀರುವವರೆಗೆ ಬಿಡುವ ಹಾಗಿರಲಿಲ್ಲ. ಅಜ್ಜ ಕಾಲು ಚಾಚಿ ಕೂತದ್ದನ್ನು ನಾನು ನೋಡಲೇ ಇಲ್ಲ. ಅವರ ಮೊಮ್ಮಗಳು ಒಂದು ವಾರ ಕೂತರೆ ಯಾರಿಗೆ ಅನ್ಯಾಯ ಆಗುತ್ತದೆ? ಪಾಪ ಅನ್ನಿಸಿದರೆ ನೀವು ಮನೆಯಲ್ಲಿ ಕೂತುಕೊಳ್ಳಿ ಮಾರಾಯ್ರೆ. ನೀವು ಹೋಗದಿದ್ದರೆ ಅವರಿಗೆ ಏನು ಸಿಕ್ಕಿತು?"

ನನ್ನ ಬಾಯಿ ಕಟ್ಟಿತು. ನೊಂದವರ ಪರವಾಗಿ ಮಾತಾಡುತ್ತಿದ್ದೇನೆಂದು ನಾನು ತಿಳಿದಿದ್ದೆ. ಎದುರಿಗೇ ಕುಳಿತಿದ್ದವಳ ದಣಿವು ಮಾತ್ರ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ನಲವತ್ತು ವರ್ಷ ಅವಳು ಮಾಡಿದ ಕಾಫಿ ಕುಡಿಯುವಾಗ ಹುಟ್ಟದ ನೀತಿಪ್ರಶ್ನೆ, ಅವಳು ವಿಶ್ರಾಂತಿ ಕೇಳಿದಾಗ ಹುಟ್ಟಿತ್ತು.

ಇನ್ನೂ ಒಂದು ತಪ್ಪಿತ್ತು. ಆ ದ್ವೀಪದವರನ್ನು ನಾನು ಬರೀ ನೋವಿನ ಲೆಕ್ಕಪುಸ್ತಕವಾಗಿ ಓದಿದ್ದೆ. ಸೇಗಾ ಹಾಡುಕುಣಿತವನ್ನು ಕಟ್ಟಿದವರು ಗುಲಾಮರೇ. ಧಾಲ್ ಪುರಿ ಲಟ್ಟಿಸಿದ್ದು ಕೂಲಿಗಳ ಕೈ. ತಂದು ಹಾಕಿದವರು ಬೇರೆ. ಬೆರೆಸಿ ಬದುಕು ಮಾಡಿಕೊಂಡವರು ಇವರು. ಅವರ ಗಾಯವನ್ನು ಮರೆತು ಸುಖಪಡುವವನು ಒಂದು ಬಗೆಯಲ್ಲಿ ಅವಮಾನ ಮಾಡುತ್ತಾನೆ. ಗಾಯವನ್ನಷ್ಟೇ ನೋಡಿ ಅವರು ಬಡಿಸಿದ್ದನ್ನು ಮುಟ್ಟದೆ ಎದ್ದು ಹೋಗುವವನು ಇನ್ನೊಂದು ಬಗೆಯಲ್ಲಿ. ನೆಂಟನಾದವನಿಗೆ ಮನೆಯ ಕಥೆಯೂ ಗೊತ್ತಿರಬೇಕು, ಊಟವೂ ರುಚಿಸಬೇಕು.

ಕೊನೆಗೆ ಯೋಜನೆ ಹೀಗಾಯಿತು. ಬೆಟ್ಟದ ಬುಡದ ಹೋಟೆಲ್ ಬೇಡ ಎಂದು ನಾನು ನೀತಿಯ ಕಾರಣಕ್ಕೆ ಹೇಳಿದೆ, ಅವಳು ಬಾಡಿಗೆಯ ಕಾರಣಕ್ಕೆ ಹೇಳಿದಳು. ಇಬ್ಬರೂ ಒಂದೇ ಸಾಲಿನ ಮೇಲೆ ಗೀಟು ಎಳೆದೆವು. ಮೊದಲ ದಿನ ಆಪ್ರವಾಸಿ ಘಾಟ್. "ಹದಿನಾರೇ ಮೆಟ್ಟಿಲಲ್ವಾ, ಮಂಡಿನೋವು ಇದ್ದರೂ ಅಷ್ಟಾಗುತ್ತದೆ, ಹತ್ತಲಿಕ್ಕೆ ಬಿಟ್ಟರೆ," ಎಂದಳು. ಎರಡು ದಿನ ಕಳೆದು ಅಲ್ಲಿಂದ ಪೂರ್ವಕ್ಕೆ ಸುಮಾರು 560 ಕಿಲೋಮೀಟರ್ ದೂರದ ರೋಡ್ರಿಗಸ್‌ಗೆ. 108 ಚದರ ಕಿಲೋಮೀಟರಿನ ಆ ಪುಟ್ಟ ದ್ವೀಪದವರು ಬಹುಪಾಲು ಕ್ರಿಯೋಲರು. ಇಳಿತದ ಹೊತ್ತಿಗೆ ಹೆಂಗಸರು ಕಡಲಿಗಿಳಿದು ಆಕ್ಟೋಪಸ್ ಹಿಡಿಯುತ್ತಾರೆ. ಅಲ್ಲಿ ಒಂದು ಮನೆಯವರೇ ಬಾಡಿಗೆಗೆ ಕೊಡುವ ಕೋಣೆಯಲ್ಲಿ ಐದು ದಿನ. ನೋಡಲು ಯಾವ ಪಟ್ಟಿಯೂ ಇಲ್ಲ.

ಎಲ್ಲ ಮುಗಿಯಿತು ಎನ್ನುವಾಗ ಅವಳು ಕೇಳಿದಳು, "ಅಲ್ಲಿ ಬೆಳಗ್ಗೆ ಕಾಫಿ ಮಾಡುವುದು ಯಾರು?"

"ಆ ಮನೆಯ ಹೆಂಗಸೇ ಇರಬೇಕು," ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮತ್ತೆ ಕೆಂಪು ಪೆನ್ನು ತೆಗೆದುಕೊಂಡು, ಕೊಂಡುಹೋಗುವ ಸಾಮಾನಿನ ಪಟ್ಟಿಯ ಕೊನೆಗೆ ಬರೆದಳು: ಚಿಕ್ಕಮಗಳೂರಿನ ಕಾಫಿಪುಡಿ, ಕಾಲು ಕಿಲೋ. "ಒಂದು ದಿನ ನಾನು ಮಾಡಿ ಕೊಡುತ್ತೇನೆ. ಅವಳೂ ಕೂತುಕೊಳ್ಳಲಿ."