ಕಾಕಾ ಇಲ್ಲದ ನವೆಂಬರ್

‘ಶರಣರ ಗುಣವನ್ನು ಮರಣದಲ್ಲಿ ನೋಡು’ ಎಂಬ ಮಾತು ನಮ್ಮ ಕಡೆ ಹೆಚ್ಚಾಗಿ ಕಿವಿಗೆ ಬೀಳುವುದು ಸಾವಿನ ಮನೆಯಲ್ಲೇ. ಯಾರಾದರೂ ಹಾಸಿಗೆ ಹಿಡಿಯದೆ, ಪೂಜೆ ಮುಗಿಸಿ ಕುಳಿತಲ್ಲೇ ಕಣ್ಣು ಮುಚ್ಚಿದರೆ, ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಇದನ್ನು ಹೇಳುತ್ತಾರೆ, ಉಳಿದವರು ಹೌದೆನ್ನುತ್ತಾರೆ. ಪುಣ್ಯವಂತರಿಗೆ ಸುಖದ ಸಾವು ಬರುತ್ತದೆ ಎಂಬುದು ಅಲ್ಲಿ ಮಾತಿಗಿರುವ ಅರ್ಥ.

ಈ ಅರ್ಥವನ್ನು ನಾನು ಒಪ್ಪಲಾರೆ. ಒಪ್ಪಿದರೆ ನಮ್ಮ ಪಕ್ಕದ ಮನೆಯ ಕಾಕಾರಿಗೆ ಅನ್ಯಾಯವಾಗುತ್ತದೆ. ಅವರದು ಸುಖದ ಸಾವಲ್ಲ. ಕೊನೆಯ ದಿನಗಳಲ್ಲಿ ಐಸಿಯುನಲ್ಲಿ ನಳಿಕೆಗಳ ನಡುವೆ ಮಲಗಿದ್ದರು, ಹೆಂಡತಿ ಕಾಕೂನ ಗುರುತೂ ಹತ್ತಲಿಲ್ಲ. ಆದರೆ ಅವರಂಥ ಮತ್ತೊಬ್ಬ ಒಳ್ಳೆಯ ಮನುಷ್ಯನನ್ನು ನಾನು ಪುಣೆಯಲ್ಲಿ ಕಂಡಿಲ್ಲ.

ನಾವಿರುವ ವಿಮಾನ ನಗರದಲ್ಲಿ ಬಹುಪಾಲು ಎಲ್ಲರೂ ಬೇರೆ ಊರಿಂದ ಬಂದವರೇ. ಕಂಪನಿ ಕೆಲಸಕ್ಕೆ ಬಂದವರು, ಸಿಂಬಯಾಸಿಸ್‌ನಲ್ಲಿ ಓದಲು ಬಂದವರು, ಲೋಹಗಾಂವ್ ವಾಯುನೆಲೆಯಲ್ಲಿ ದುಡಿದು ಇಲ್ಲೇ ನೆಲೆ ನಿಂತವರು. ಬಾಡಿಗೆಯ ಕರಾರು ಹನ್ನೊಂದು ತಿಂಗಳದ್ದು. ನೆರೆಹೊರೆಯೂ ಅಷ್ಟೇ ಅವಧಿಯದು ಎಂದುಕೊಂಡು ಬಾಗಿಲು ಹಾಕಿಕೊಳ್ಳುವುದು ಇಲ್ಲಿ ಸುಲಭ. ವಿಜಯಪುರದ ಕಡೆಯ ಕಾಕಾ ರೈಲ್ವೆಯಿಂದ ನಿವೃತ್ತರಾಗಿ ಇಲ್ಲಿಗೆ ಬಂದವರು. ಬಾಲ್ಕನಿಯಲ್ಲಿ ಮಾತಾಡುತ್ತಿರುವಾಗ ತಲೆಯ ಮೇಲೆ ವಿಮಾನ ಇಳಿಯತೊಡಗಿದರೆ ಬೆರಳೆತ್ತಿ ಸುಮ್ಮನಾಗುತ್ತಿದ್ದರು. ಸದ್ದು ಹೋದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದರು. ನನ್ನ ಮೊದಲ ಬಾಡಿಗೆ ಕರಾರನ್ನು ಓದಿ ಕೊಟ್ಟವರು ಅವರು. “ತಮ್ಮಾ, ಸಹಿ ಮಾಡೂ ಮುಂದ ಎಲ್ಲಾ ಪುಟಾ ಓದು. ತ್ರಾಸ ಕೊಡೂ ಮಾತು ಕಡೀ ಪುಟದಾಗ ಇರ್ತಾವ” ಎಂದಿದ್ದರು. ಮುಂದೆ ನನ್ನ ಕೆಲಸ ಹೋದಾಗ ಉಪದೇಶ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ಬಡಿದು, “ಎದ್ದು ಅಂಗಿ ಹಾಕ್ಕೊ, ಕಾಯಿಪಲ್ಲೆ ತರೂಣು ಬಾ” ಎನ್ನುತ್ತಿದ್ದರು. ಮನೆಯಿಂದ ಹೊರಗೆ ಬೀಳಲು ನನಗೊಂದು ಕಾರಣ ಬೇಕಿತ್ತು. ಅದನ್ನು ಅವರು ಹೇಗೆ ತಿಳಿದರೋ!

ಊರಿಂದ ಯಾರೇ ಬರಲಿ, ಕಾಕಾ ಅವರನ್ನು ನಗರ ರೋಡಿನ ಆಗಾಖಾನ್ ಅರಮನೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಕಸ್ತೂರಬಾ ಮತ್ತು ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿ ಇಬ್ಬರ ಸಮಾಧಿಗಳೂ ಇವೆ. ಗಾದೆಯ ಅರ್ಥವನ್ನು ನಾನು ಹುಡುಕಿಕೊಂಡಿದ್ದು ಆ ಎರಡನೆಯ ಸಮಾಧಿಯ ಬಳಿ. 1942ರ ಆಗಸ್ಟ್ 9ರಂದು ಗಾಂಧೀಜಿಯವರೊಂದಿಗೆ ಸೆರೆಯಾಗಿ ಇದೇ ಅರಮನೆಯಲ್ಲಿ ಬಂಧನದಲ್ಲಿದ್ದ ಮಹಾದೇವರು ಆರು ದಿನಗಳ ಬಳಿಕ, ಆಗಸ್ಟ್ 15ರಂದು, ಇದ್ದಕ್ಕಿದ್ದಂತೆ ಹೃದಯ ನಿಂತು ತೀರಿಕೊಂಡರು. ವಯಸ್ಸು ಐವತ್ತು. ಹೆಂಡತಿ ಮಗ ದೂರದಲ್ಲಿದ್ದರು. ಸರ್ಕಾರ ದೇಹವನ್ನು ಹೊರಗೆ ಕೊಡಲಿಲ್ಲ, ಅಂತ್ಯಕ್ರಿಯೆ ಸೆರೆಮನೆಯ ಆವರಣದಲ್ಲೇ ಆಯಿತು. ಸುಖದ ಸಾವನ್ನೇ ಗುಣಕ್ಕೆ ಸಾಕ್ಷಿ ಎನ್ನುವವರು ಇಂಥ ಸಾವಿನಲ್ಲಿ ಏನನ್ನು ನೋಡುತ್ತಾರೆ?

ನೋಡಬೇಕಾದದ್ದು ಉಳಿದವರನ್ನು. ಮಗನಂತಿದ್ದವನ ಮೈಯನ್ನು ಗಾಂಧೀಜಿ ತಾವೇ ತೊಳೆದರು, ತಾವೇ ಬೆಂಕಿ ಕೊಟ್ಟರು. 1944ರ ಮೇ 6ರಂದು ಬಿಡುಗಡೆಯಾಗುವ ತನಕ ಹೂ ಹಿಡಿದು ಆ ಜಾಗಕ್ಕೆ ಹೋಗುವ ರೂಢಿ ಇಟ್ಟುಕೊಂಡರು. 1917ರಿಂದ ಕಾಲು ಶತಮಾನ ಮಹಾದೇವರು ಗಾಂಧೀಜಿಯವರ ಪತ್ರಗಳನ್ನು ನೋಡಿಕೊಂಡರು, ಬಂದವರನ್ನು ಸಂಭಾಳಿಸಿದರು, ಆತ್ಮಕಥೆಯನ್ನು ಗುಜರಾತಿಯಿಂದ ಇಂಗ್ಲಿಷಿಗೆ ತಂದರು. ಆ ದುಡಿಮೆಯೆಲ್ಲ ಗಾಂಧೀಜಿಯವರ ಕೆಲಸದೊಳಗೇ ಕರಗಿಹೋಗಿತ್ತು. ಮಹಾದೇವರು ಬರೆದಿಟ್ಟ ದಿನಚರಿ ಅವರು ತೀರಿಕೊಂಡ ಮೇಲೆ ಸಂಪುಟ ಸಂಪುಟವಾಗಿ ಅಚ್ಚಾದಾಗಲೇ ಆ ದುಡಿಮೆಯ ಅಳತೆ ಹೊರಗಿನವರಿಗೆ ಗೊತ್ತಾಗಿದ್ದು. ಬದುಕಿದ್ದಾಗ ಗುಣ ಕಾಣದಿರುವುದಕ್ಕೆ ಗುಣವಂತರೇ ಕಾರಣ: ಅವರು ಮಾಡಿದ್ದು ತಾನಾಗಿ ಆದದ್ದು ಎಂಬಂತೆ ತೋರುವ ಹಾಗೆ ಮಾಡಿರುತ್ತಾರೆ. ಅವರು ಹೋದ ಮೇಲೆ ಒಂದೊಂದೇ ಕೆಲಸ ನಿಲ್ಲುತ್ತದೆ. ನಿಂತ ಕೆಲಸ ಲೆಕ್ಕ ಹೇಳುತ್ತದೆ.

ಕಾಕಾ ಹೋದದ್ದು ಮಳೆಗಾಲದಲ್ಲಿ. ಸೊಸೈಟಿಯ ಸಭೆಯಲ್ಲಿ ಒಳ್ಳೆಯ ಮಾತುಗಳನ್ನೇ ಆಡಿದೆವು. ಆದರೆ ಅವರು ಏನಾಗಿದ್ದರೆಂದು ನಮಗೆ ತಿಳಿದದ್ದು ನವೆಂಬರ್ ಬಂದಾಗ. ಪಿಂಚಣಿದಾರರು ಬದುಕಿದ್ದೇವೆಂದು ಲೈಫ್ ಸರ್ಟಿಫಿಕೇಟ್ ಕೊಡಬೇಕಾದ ತಿಂಗಳು ಅದು. ಕೊಡದಿದ್ದರೆ ಪಿಂಚಣಿ ತಡೆಯುತ್ತದೆ. 2014ರಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಬೆರಳಚ್ಚಿನಿಂದಲೂ ಕೆಲಸವಾಗುತ್ತದೆ, ಆದರೆ ಎಂಬತ್ತು ದಾಟಿದ ಹಲವರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಎಷ್ಟೋ ಸಲ ಒಪ್ಪುವುದಿಲ್ಲ. ನೆಲಮಹಡಿಯ ಮರಾಠಿ ಅಜ್ಜಿ, ಎದುರು ವಿಂಗಿನ ನಿವೃತ್ತ ಮಾಸ್ತರರು, ಮೂರನೆಯ ಮಹಡಿಯ ತಮಿಳು ಅಜ್ಜ, ಒಬ್ಬೊಬ್ಬರಾಗಿ ಕಾಕಾರ ಬಾಗಿಲಿಗೆ ಬಂದರು. ವರ್ಷವರ್ಷವೂ ರಿಕ್ಷಾ ಮಾಡಿಕೊಂಡು ತಮ್ಮನ್ನು ಬ್ಯಾಂಕಿಗೆ ಕರೆದೊಯ್ಯುತ್ತಿದ್ದವರು ಅವರೇ ಎಂದು ಮೂವರೂ ಹೇಳಿದರು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕಾಕೂಗೂ ಅರ್ಧ ಮಾತ್ರ ಗೊತ್ತಿತ್ತು.

ಆ ವರ್ಷದಿಂದ ಕಾಕೂ ಹೆಸರೂ ಆ ಪಟ್ಟಿಗೆ ಸೇರಿತು. ಗಂಡನ ಪಿಂಚಣಿ ಕುಟುಂಬ ಪಿಂಚಣಿಯಾಗಿ ಅವರಿಗೆ ಬರತೊಡಗಿದ್ದರಿಂದ ಅವರೂ ಬದುಕಿದ್ದಾರೆಂದು ಸಾಬೀತಾಗಬೇಕು. ನಾನೂ ಎರಡನೆಯ ಮಹಡಿಯ ಹುಡುಗನೂ ಕೆಲಸ ಹಂಚಿಕೊಂಡೆವು; ಅವನು ಮಾಸ್ತರರನ್ನೂ ತಮಿಳು ಅಜ್ಜನನ್ನೂ ನೋಡಿಕೊಂಡ, ನಾನು ಅಜ್ಜಿಯನ್ನೂ ಕಾಕೂನನ್ನೂ ಕರೆದುಕೊಂಡು ಹೋದೆ. ಜೋಳದ ರೊಟ್ಟಿ ಬಡಿದು ಸವೆದ ಕಾಕೂನ ಬೆರಳನ್ನು ಯಂತ್ರ ಮತ್ತೆ ಮತ್ತೆ ತಳ್ಳಿಹಾಕಿತು. ಅಷ್ಟರಲ್ಲಿ ಮರಾಠಿ ಅಜ್ಜಿ ತಮ್ಮ ಚೀಲದಿಂದ ಒದ್ದೆ ಕರವಸ್ತ್ರ ತೆಗೆದು, ಬೆರಳನ್ನು ಒರೆಸಿ ಒಂದು ಗಳಿಗೆ ಬಿಟ್ಟು ಇಡಬೇಕೆಂದು ಕಾಕೂಗೆ ತೋರಿಸಿಕೊಟ್ಟರು. ಅದನ್ನು ಅವರಿಗೆ ಕಲಿಸಿದ್ದು ಕಾಕಾ.