ಕಾಣದ್ದು ಇಲ್ಲವೇ?

ಕಣ್ಣಿಗೆ ಕಾಣದಿರುವುದೆಲ್ಲವೂ ಇಲ್ಲದಿರುವುದೇ? ತತ್ತ್ವಜಿಜ್ಞಾಸೆಯಷ್ಟೇ ಹಳೆಯದಾದ ಈ ಪ್ರಶ್ನೆಗೆ ಖಗೋಳವಿಜ್ಞಾನವು ಅರ್ಥಪೂರ್ಣವಾದ ನಿದರ್ಶನವೊಂದನ್ನು ಒದಗಿಸಿದೆ.

18ನೆಯ ಶತಮಾನದಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞರು ನಕ್ಷತ್ರಗಳೇ ಇಲ್ಲದಂತೆ ತೋರುವ ಕಪ್ಪು ಪ್ರದೇಶಗಳನ್ನು ಕಂಡು, ಅವು ಆಕಾಶದ ರಂಧ್ರಗಳೆಂದು ಭಾವಿಸಿದರು. ವಾಸ್ತವವಾಗಿ ಅವು ಬೆಳಕನ್ನು ತಡೆಯುವ ದಟ್ಟವಾದ ಧೂಳು ಮತ್ತು ಅನಿಲದ ಮೋಡಗಳು. ಅಂತಹ ಮೋಡಗಳ ಒಡಲಲ್ಲಿಯೇ ನಕ್ಷತ್ರಗಳು ಜನಿಸುತ್ತವೆ. ವಿಚಿತ್ರವೆಂದರೆ, ಆ ಧೂಳನ್ನು ದಾಟಿ ಬರಬಲ್ಲ ಅವಕೆಂಪು ಕಿರಣಗಳನ್ನು 1800ರಲ್ಲಿ ಕಂಡುಹಿಡಿದವರೂ ಹರ್ಷೆಲ್ಲರೇ!

ಚಳಿಗಾಲದ ರಾತ್ರಿಗಳಲ್ಲಿ ಝುವಾರಿನಗರದ ಆಕಾಶದಲ್ಲಿಯೂ ಕಾಣುವ ಮಹಾವ್ಯಾಧ ನಕ್ಷತ್ರಪುಂಜದಲ್ಲಿ, ಸುಮಾರು 1,300 ಜ್ಯೋತಿರ್ವರ್ಷಗಳ ದೂರದಲ್ಲಿ ಒಂದು ನೀಹಾರಿಕೆಯಿದೆ. ಸಾಮಾನ್ಯ ದೂರದರ್ಶಕಕ್ಕೆ ಅದು ಹೊಳೆಯುವ ಮಂಜು. 1967ರಲ್ಲಿ ಬೆಕ್ಲಿನ್ ಮತ್ತು ನ್ಯೂಗೆಬಾವರ್ ಅವಕೆಂಪು ವೀಕ್ಷಣೆಯಿಂದ ಅದರ ಹಿಂದೆ ಅಡಗಿದ್ದ ಎಳೆಯ ನಕ್ಷತ್ರವೊಂದನ್ನು ಪ್ರಕಟಪಡಿಸಿದರು. 1970ರಲ್ಲಿ ರೇಡಿಯೋ ವೀಕ್ಷಣೆಯು ಅಲ್ಲಿಯ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಗುರುತಿಸಿತು. ಇಂದು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಕುಳಿತ ವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸಿ, ಇಂತಹ ಎಳೆಯ ನಕ್ಷತ್ರಗಳನ್ನು ಅಧ್ಯಯನ ಮಾಡುತ್ತಾರೆ.

ಕಣ್ಣಿನ ಬೆಳಕು, ಅವಕೆಂಪು, ರೇಡಿಯೋ ಇವು ಮೂರೂ ಒಂದೇ ವಸ್ತುವಿನ ಮೂರು ನಯಗಳಂತಿವೆ. ಒಂದು ಮತ್ತೊಂದನ್ನು ಅಲ್ಲಗಳೆಯುವುದಿಲ್ಲ. ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಆಚಾರ್ಯ ಸಮಂತಭದ್ರರು 'ಆಪ್ತಮೀಮಾಂಸೆ'ಯಲ್ಲಿ ಏಕಾಂತವಾದಗಳನ್ನು ಪರೀಕ್ಷಿಸಿ ಸ್ಯಾದ್ವಾದವನ್ನು ಪ್ರತಿಪಾದಿಸಿದುದರ ಮರ್ಮವೂ ಇದೇ: ಪರಸ್ಪರ ಅಪೇಕ್ಷೆಯುಳ್ಳ ನಯಗಳು ಸಾರ್ಥಕ, ಇತರ ನಯಗಳನ್ನು ತಿರಸ್ಕರಿಸುವ ನಯವು ಮಿಥ್ಯೆ.

ಹಾಗಾದರೆ ಎಲ್ಲರ ಮಾತೂ ಸತ್ಯವೇ ಎಂಬ ಆಕ್ಷೇಪವು ಸಹಜವಾಗಿ ಏಳುತ್ತದೆ. ಇಲ್ಲ. 'ಈ ಬೆಳಕಿನಲ್ಲಿ ಇಲ್ಲಿ ಏನೂ ಕಾಣುವುದಿಲ್ಲ' ಎಂಬುದು ಸತ್ಯ. 'ಇಲ್ಲಿ ಏನೂ ಇಲ್ಲವೇ ಇಲ್ಲ' ಎಂಬುದು ಅಸತ್ಯ. ಅನೇಕಾಂತವು ಸತ್ಯವನ್ನು ಸಡಿಲಗೊಳಿಸುವುದಿಲ್ಲ. ಹೇಳುವವನು ತನ್ನ ನೋಟದ ಮಿತಿಯನ್ನೂ ಹೇಳಬೇಕೆಂದು ವಿಧಿಸುತ್ತದೆ.

ಈ ನಿಯಮವು ಆಕಾಶಕ್ಕಿಂತಲೂ ಮನೆಯೊಳಗೆ ಹೆಚ್ಚು ಅಗತ್ಯ. ಮಾತು ಕಡಿಮೆಯಾದ ಮಗುವನ್ನು ದಡ್ಡನೆಂದೂ, ಒಮ್ಮೆ ತಪ್ಪಿದವನನ್ನು ಕೆಟ್ಟವನೆಂದೂ ನಿರ್ಣಯಿಸುವವನು ಧೂಳಿನ ಮೋಡವನ್ನು ರಂಧ್ರವೆಂದೇ ಕರೆಯುತ್ತಾನೆ. ಹರ್ಷೆಲ್ಲರ ತಪ್ಪಿನಿಂದ ಯಾವ ನಕ್ಷತ್ರಕ್ಕೂ ನೋವಾಗಲಿಲ್ಲ. ಮನುಷ್ಯನ ವಿಷಯದಲ್ಲಿ ಅದೇ ತಪ್ಪು ಹಿಂಸೆಯಾಗುತ್ತದೆ. ತೀರ್ಪಿಗೆ ಮುನ್ನ ಇನ್ನೊಂದು ಬೆಳಕಿನಲ್ಲಿ ನೋಡುವ ತಾಳ್ಮೆಯೇ ವಿಚಾರದಲ್ಲಿ ಪಾಲಿಸಬೇಕಾದ ಅಹಿಂಸೆ.