ಕೊಡದೆ ಪಡೆದ ಮತ

ಒಡೆಯನು ಕೊಡದ ವಸ್ತುವನ್ನು ತೆಗೆದುಕೊಳ್ಳುವುದು ಕಳವು ಎಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಹೊನ್ನಿಗೂ ಧಾನ್ಯಕ್ಕೂ ಈ ನಿಯಮವನ್ನು ಅನ್ವಯಿಸುವ ನಾವು ಇನ್ನೊಬ್ಬನ ಮತಕ್ಕೂ ಅನ್ವಯಿಸುತ್ತೇವೆಯೇ? ಆಳುಕಾಳುಗಳನ್ನು ಇಟ್ಟುಕೊಂಡಿರುವ ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಕಾಫಿ ತೋಟಗಳ ಕೊಡಗಿನಲ್ಲಂತೂ ಇದಕ್ಕೆ ವಿಶೇಷವಾದ ಅರ್ಥವಿದೆ.

1924ರಲ್ಲಿ ಸ್ಥಾಪಿತವಾದ ಕೊಡಗು ಶಾಸನ ಪರಿಷತ್ತಿನಲ್ಲಿ 15 ಮಂದಿ ಚುನಾಯಿತ ಸದಸ್ಯರೂ 5 ಮಂದಿ ನಾಮಕರಣಗೊಂಡವರೂ ಇದ್ದರು. ಆದರೆ ಆಗ ಮತವು ಆಸ್ತಿಯುಳ್ಳವರ ಹಕ್ಕಾಗಿತ್ತು. 1952ರಲ್ಲಿ ಕೊಡಗು ರಾಜ್ಯದ 24 ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆದಾಗ, 21 ವರ್ಷ ತುಂಬಿದ ತೋಟದ ಕೂಲಿಕಾರನಿಗೂ, ಯರವ, ಕುರುಬ ಸ್ತ್ರೀಪುರುಷರಿಗೂ ತೋಟದ ಮಾಲೀಕನಷ್ಟೇ ತೂಕದ ಒಂದು ಮತ ದೊರೆಯಿತು. ಅಕ್ಷರ ಬಾರದವರಿಗಾಗಿ ಪೆಟ್ಟಿಗೆಗಳ ಮೇಲೆ ಚಿಹ್ನೆಗಳನ್ನು ಅಂಟಿಸಿದ್ದರು. 1956ರ ನವೆಂಬರ್ 1ರಂದು ಆ ರಾಜ್ಯ ಮೈಸೂರಿನಲ್ಲಿ ವಿಲೀನವಾಯಿತು. ಮತದ ಸಮಾನತೆ ಮಾತ್ರ ಉಳಿಯಿತು.

ಆ ಕಾಲದಲ್ಲಿ ಅಮೆರಿಕದ ಸ್ಥಿತಿ ಬೇರೆಯಾಗಿತ್ತು. ಜನಾಂಗದ ಕಾರಣದಿಂದ ಮತವನ್ನು ನಿರಾಕರಿಸಬಾರದೆಂದು ಅಲ್ಲಿನ ಸಂವಿಧಾನ 1870ರಲ್ಲಿಯೇ ವಿಧಿಸಿದ್ದರೂ, ದಕ್ಷಿಣದ ರಾಜ್ಯಗಳು ತಲೆಗಂದಾಯ, ಅಕ್ಷರಪರೀಕ್ಷೆಗಳ ನೆಪದಿಂದ ಕಪ್ಪು ಜನರನ್ನು ಮತಗಟ್ಟೆಯಿಂದ ದೂರವಿಟ್ಟವು. 1960ರಲ್ಲಿ ಟೆನೆಸ್ಸಿಯ ಫೇಯೆಟ್ ಕೌಂಟಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಿದ ಕಪ್ಪು ಗೇಣಿದಾರರನ್ನು ಜಮೀನುದಾರರು ಮನೆಬಿಡಿಸಿದರು. ಆ ಕುಟುಂಬಗಳು ಗುಡಾರಗಳಲ್ಲಿ ಚಳಿಗಾಲವನ್ನು ಕಳೆದವು. ಈ ಅನ್ಯಾಯಗಳನ್ನು ತಡೆಯುವ ಬಲವಾದ ಕಾಯಿದೆ ಬಂದದ್ದು 1965ರಲ್ಲಿ.

ಫೇಯೆಟ್‌ನ ಪಾಠ ನಮಗೂ ಸಲ್ಲುತ್ತದೆ. ಲೈನ್ ಮನೆಯ ಸೂರು, ವಾರದ ಕೂಲಿ, ಕಷ್ಟಕಾಲದ ಮುಂಗಡ ಎಲ್ಲವೂ ಒಬ್ಬನ ಕೈಯಲ್ಲಿರುವಾಗ, ಅವನು ನಗುನಗುತ್ತಾ ಹೇಳಿದ ಸಲಹೆಯೂ ಕೇಳುವವನಿಗೆ ಅಪ್ಪಣೆಯಾಗುತ್ತದೆ. “ಅವರಿಗೆ ತಿಳಿವಳಿಕೆ ಸಾಲದು, ಅವರ ಒಳಿತಿಗಾಗಿಯೇ ಹೇಳುತ್ತೇವೆ” ಎನ್ನುವವರುಂಟು. ಅವರ ಉದ್ದೇಶ ಶುದ್ಧವಾಗಿರಬಹುದು. ಆದರೆ ಸೋರುವ ಮಾಡು, ದೂರದ ಶಾಲೆ, ಸಿಗದ ಪಡಿತರ ಇವುಗಳ ವಿಷಯದಲ್ಲಿ ಅನುಭವಿಸುವವನಿಗಿಂತ ಹೆಚ್ಚು ಬಲ್ಲವರು ಯಾರು? ಅವನು ತಪ್ಪಾಗಿ ಆರಿಸಿದರೂ ಆ ತಪ್ಪು ಅವನದು. ನಮ್ಮ ಮಾತಿಗೆ ಅಂಜಿ ಹಾಕಿದ ಮತ ಸರಿಯಾದದ್ದೇ ಆದರೂ ಅವನದಲ್ಲ.

ಲಂಚ ಮತ್ತು ಅನುಚಿತ ಪ್ರಭಾವಗಳನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆ ಭ್ರಷ್ಟ ಆಚರಣೆಗಳೆಂದು ಹೆಸರಿಸಿದೆ. 1996ರ ತಿದ್ದುಪಡಿ ಮತದಾನದ ದಿನ ನೌಕರರಿಗೂ ದಿನಗೂಲಿಯವರಿಗೂ ವೇತನಸಹಿತ ರಜೆಯನ್ನು ವಿಧಿಸಿದೆ. ಆದರೆ ಜಗಲಿಯ ಮೇಲೆ ಕುಳಿತು ಆಡಿದ ಮೆಲುಮಾತನ್ನು ಯಾವ ಕಾಯಿದೆಯೂ ಸುಲಭವಾಗಿ ಹಿಡಿಯಲಾರದು. ಅಲ್ಲಿ ನಮ್ಮನ್ನು ತಡೆಯಬೇಕಾದದ್ದು ನಮ್ಮ ವ್ರತವೇ.

ಆದುದರಿಂದ ಮನೆಯ ಯಜಮಾನರೂ ಬಸದಿಗಳ ವಿಶ್ವಸ್ತರೂ ಚುನಾವಣೆಯ ದಿನ ಮಾಡಬೇಕಾದದ್ದು ಇಷ್ಟೆ: ಆಳುಗಳ ಹೆಸರು ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಸುವುದು, ಕೂಲಿ ಕಡಿಯದೆ ರಜೆ ಕೊಡುವುದು, ಅವರು ಹಿಂದಿರುಗಿದ ಮೇಲೆ ಯಾರಿಗೆ ಹಾಕಿದಿರೆಂದು ಕೇಳದಿರುವುದು.